ಕೆಂಪು ಬಾವುಟ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದು ಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ, ಶಾಲೆಯ ದಿನಗಳ ಕುರಿತು ನಾಲ್ಕು ಮಾತು ಬರೆದರಾಯಿತೆಂದೇ ನಾನು ಭಾವಿಸಿದ್ದೆ. ಆದರೆ ಬರೆಯಲು ಕುಳಿತಾಗ ಕಣ್ಣ ಮುಂದೆ ಬಂದುದು ಶಿರಿಯದಿಂದ ಬಹುದೂರದ, ಕೊಯಮತ್ತೂರಿನ ಹೊರವಲಯದ ಒಂದು ಬಯಲು. ಕೆಲವು ವರ್ಷಗಳ ಹಿಂದೆ ಅಲ್ಲಿ ಕಾರುಗಳ ವೇಗಚಾಲನೆಯ ಶಿಬಿರವೊಂದನ್ನು ಏರ್ಪಡಿಸಿದಾಗ ನನ್ನಿಂದಾದ ಒಂದು ತಪ್ಪು. ಶಾಲೆಯ ಸಂಚಿಕೆಗೂ ಕಾರಿನ ಓಟಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಆ ಸಂಬಂಧವನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಎಂಬತ್ತರ ದಶಕದಲ್ಲಿ ನಾವು ಓದುತ್ತಿದ್ದಾಗ ನಮ್ಮಲ್ಲಿ ಅನೇಕರು ಹೆದ್ದಾರಿಯನ್ನು ದಾಟಿಯೇ ಶಾಲೆಗೆ ಬರಬೇಕಾಗಿತ್ತು. ಇಂದು 66 ಎಂದು ಕರೆಯಲ್ಪಡುವ ಆ ರಸ್ತೆಗೆ ಅಂದು 17 ಎಂಬ ಸಂಖ್ಯೆ. ಮಂಗಳೂರು ಕಾಸರಗೋಡುಗಳ ನಡುವಣ ಬಸ್ಸುಗಳು, ಮೀನಿನ ಲಾರಿಗಳು, ಅಪರೂಪಕ್ಕೊಂದು ಅಂಬಾಸಿಡರ್ ಕಾರು, ಇವಿಷ್ಟೇ ಅಲ್ಲಿನ ಸಂಚಾರ. ವಾಹನಗಳು ಕಡಿಮೆಯಾದುದರಿಂದಲೇ ಬಂದವುಗಳಿಗೆ ವೇಗ ಹೆಚ್ಚು. ನಾನು ಎಂಟನೆಯ ತರಗತಿಯಲ್ಲಿದ್ದಾಗ, ಆಷಾಢದ ಒಂದು ಸಂಜೆ, ಜಡಿಮಳೆಯಲ್ಲಿ ಕೊಡೆಯನ್ನು ಮುಂದಕ್ಕೆ ಹಿಡಿದು ರಸ್ತೆ ದಾಟುತ್ತಿದ್ದ ನನ್ನ ಸಹಪಾಠಿಯೊಬ್ಬನಿಗೆ ಲಾರಿಯೊಂದು ಬಡಿಯಿತು. ಅವನ ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. ಅವನು ಮತ್ತೆ ಶಾಲೆಗೆ ಬರಲೂ ಇಲ್ಲ. ಅವನು ಕುಳಿತುಕೊಳ್ಳುತ್ತಿದ್ದ ಬೆಂಚಿನ ಆ ತುದಿಯಲ್ಲಿ ವರ್ಷ ಮುಗಿಯುವವರೆಗೂ ನಾವು ಯಾರೂ ಕುಳಿತುಕೊಳ್ಳಲಿಲ್ಲ.

ಅದಾದ ಮೂರನೆಯ ದಿನದಿಂದ ನಮ್ಮ ಗಣಿತದ ಮಾಸ್ತರು ಸಂಜೆಯ ಗಂಟೆ ಬಾರಿಸಿದೊಡನೆ ತಮ್ಮ ಬೆತ್ತದ ತುದಿಗೆ ಒಂದು ಕೆಂಪು ಬಟ್ಟೆಯನ್ನು ಕಟ್ಟಿಕೊಂಡು ಹೆದ್ದಾರಿಯ ಬದಿಯಲ್ಲಿ ಹೋಗಿ ನಿಲ್ಲತೊಡಗಿದರು. ಅವರು ಬೆತ್ತವನ್ನೆತ್ತಿದರೆ ಲಾರಿ ನಿಲ್ಲಬೇಕು, ಮಕ್ಕಳು ದಾಟಬೇಕು. ಇಳಿಸಿದರೆ ಮಕ್ಕಳು ನಿಲ್ಲಬೇಕು. ಯಾರೂ ಅವರಿಗೆ ಈ ಕೆಲಸವನ್ನು ವಹಿಸಿರಲಿಲ್ಲ. ಅವರ ಮಗನೂ ನಮ್ಮ ಜೊತೆಗೇ ಓದುತ್ತಿದ್ದ. ಒಂದು ದಿನ ಕುಂಬಳೆಯ ಕಡೆಗೆ ಹೋಗುವ ಬಸ್ಸು ಬರುತ್ತಿರುವುದನ್ನು ಕಂಡು, ಬೆತ್ತ ಏಳುವ ಮೊದಲೇ ಅವನು ಓಡಿ ದಾಟಿಬಿಟ್ಟ. ಮಾಸ್ತರು ಅವನನ್ನು ಹಿಂದಕ್ಕೆ ಕರೆದರು. ನಮ್ಮೆಲ್ಲರನ್ನೂ ದಾಟಿಸಿ, ಕೊನೆಯಲ್ಲಿ ಅವನನ್ನು ದಾಟಿಸಿದರು. ಬಸ್ಸು ಹೋಗಿಯೇ ಹೋಯಿತು. ತಂದೆಮಗ ಇಬ್ಬರೂ ಮಳೆಯಲ್ಲಿ ಮುಂದಿನ ಬಸ್ಸಿಗಾಗಿ ಕಾಯುತ್ತ ನಿಂತಿದ್ದರು.

ಓದು ಮುಗಿದ ಮೇಲೆ ನಮ್ಮೂರಿನ ಅನೇಕರಂತೆ ನಾನೂ ಊರು ಬಿಟ್ಟೆ. ಬೆಂಗಳೂರಿನಲ್ಲಿ ಯಂತ್ರೋದ್ಯಮದ ನೌಕರಿ ದೊರೆಯಿತು. ನಡುವಯಸ್ಸಿನಲ್ಲಿ ಒಂದು ಒಳ್ಳೆಯ ಕಾರನ್ನು ಕೊಂಡು, ಅಂಥದೇ ಕಾರುಗಳ ಒಡೆಯರ ಸಂಘವೊಂದಕ್ಕೆ ಸದಸ್ಯನಾದೆ. ಕ್ರಮೇಣ ಅದರ ಕಾರ್ಯದರ್ಶಿಯೂ ಆದೆ. ಭಾನುವಾರದ ಮುಂಜಾನೆ ನಂದಿ ಬೆಟ್ಟದವರೆಗೆ ಹೋಗಿ ಇಡ್ಲಿ ತಿಂದು ಬರುವುದು, ಟೈರು, ಎಣ್ಣೆಗಳ ವಿಷಯ ಚರ್ಚಿಸುವುದು ನಮ್ಮ ಕಾರ್ಯಕ್ರಮ. ಆದರೆ ಮಾತು ಬರಬರುತ್ತ ಯಾರು ಎಷ್ಟು ವೇಗದಲ್ಲಿ ಓಡಿಸಿದರೆಂಬ ಬಡಾಯಿಗೆ ತಿರುಗುತ್ತಿತ್ತು. ಒಂದು ರಾತ್ರಿ ನಮ್ಮ ತರುಣ ಸದಸ್ಯರೊಬ್ಬರು ಹೆದ್ದಾರಿಯ ವಿಭಾಜಕಕ್ಕೆ ಕಾರನ್ನು ಹೊಡೆದು ಆರು ವಾರ ಹಾಸಿಗೆ ಹಿಡಿದರು. ವೇಗದ ಆಸೆಯನ್ನು ಉಪದೇಶದಿಂದ ಅಳಿಸಲಾಗದು, ಅದಕ್ಕೆಂದೇ ಕಟ್ಟಿದ ಸ್ಥಳದಲ್ಲಿ, ಬಲ್ಲವರ ಕಣ್ಣೆದುರಿನಲ್ಲಿ ಅದು ತೀರಲಿ ಎಂದು ಸಭೆಯಲ್ಲಿ ಸೂಚಿಸಿದವನು ನಾನೇ.

ನಮ್ಮ ದೇಶದಲ್ಲಿ ಮೋಟಾರು ಓಟದ ಪಥಗಳು ಬೆರಳೆಣಿಕೆಯವು. ಮದರಾಸಿನ ಬಳಿಯ ಶೋಲಾವರಂನಲ್ಲಿ ಮಹಾಯುದ್ಧದ ಕಾಲದ ವಿಮಾನಪಥವೇ ದಶಕಗಳ ಕಾಲ ಓಟದ ಕಣವಾಗಿತ್ತು. 1990ರಲ್ಲಿ ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ ಶಾಶ್ವತವಾದ ಪಥವೊಂದು ಸಿದ್ಧವಾಯಿತು. ದೆಹಲಿಯ ಸಮೀಪದ ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ಸ್ಪರ್ಧೆಗಳೇ ನಡೆದವು. ನಾವು ಆರಿಸಿಕೊಂಡುದು ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಯನ್ನು. ಮಾರುತಿ 800ರ ಯಂತ್ರವನ್ನು ಅಳವಡಿಸಿ, ಹೆಚ್ಚು ಹಣವಿಲ್ಲದ ಹುಡುಗರೂ ಓಡಿಸಬಹುದಾದ ಓಟದ ಕಾರುಗಳನ್ನು ರೂಪಿಸಿದ ಎಸ್. ಕರಿವರ್ಧನ್ ಅವರ ಹೆಸರಿನ ಪಥವದು. 1995ರಲ್ಲಿ ಲಘು ವಿಮಾನದ ಅಪಘಾತದಲ್ಲಿ ಅವರು ತೀರಿಕೊಂಡ ಕೆಲವು ವರ್ಷಗಳ ಬಳಿಕ, 2003ರಲ್ಲಿ, ಅದು ಆರಂಭವಾಯಿತು. ಸುತ್ತು ಕೇವಲ 2.1 ಕಿಲೋಮೀಟರು, ಆದರೆ ತಿರುವುಗಳ ಮೇಲೆ ತಿರುವು. ಕಲಿಯುವವರಿಗೆ ಬೇಕಾದುದೂ ಅದೇ.

ಶಿಬಿರವನ್ನು ಏರ್ಪಡಿಸುವುದೆಂದರೆ ಮದುವೆಯೊಂದನ್ನು ನಡೆಸಿದ ಹಾಗೆ. ಓಟಕ್ಕಿಂತ ಓಡಾಟವೇ ಹೆಚ್ಚು. ಇಪ್ಪತ್ತನಾಲ್ಕು ಕಾರುಗಳು, ಎಂಟೆಂಟರ ಮೂರು ತಂಡಗಳು. ಒಂದು ತಂಡ ಪಥದಲ್ಲಿದ್ದರೆ ಇನ್ನೊಂದು ಬಯಲಿನಲ್ಲಿ ಬ್ರೇಕಿನ ಅಭ್ಯಾಸಕ್ಕೆ, ಮತ್ತೊಂದು ನೆರಳಿನಲ್ಲಿ ಪಾಠಕ್ಕೆ. ಪಥದ ಬಾಡಿಗೆ, ಓಟದಲ್ಲಿ ಪಳಗಿದ ನಾಲ್ವರು ಶಿಕ್ಷಕರು, ಆಂಬುಲೆನ್ಸ್, ವೈದ್ಯರು, ಅಗ್ನಿಶಾಮಕಗಳು, ಬಾವುಟ ಹಿಡಿಯುವವರು, ಶಿರಸ್ತ್ರಾಣಗಳು, ಊಟ, ಇವೆಲ್ಲ ಮೊದಲೇ ನಿಶ್ಚಯವಾಗಬೇಕು. ಸಾಮಾನ್ಯ ವಾಹನ ವಿಮೆಯ ಕರಾರಿನಲ್ಲಿ ಓಟದ ಸ್ಪರ್ಧೆ, ವೇಗದ ಪರೀಕ್ಷೆಗಳಿಗೆ ಪರಿಹಾರವಿಲ್ಲವೆಂಬ ಮಾತೊಂದಿರುತ್ತದೆ. ಅದನ್ನು ಓದಿ ಹೇಳಿದಾಗಲೇ ಮೂವರು ಹಿಂದೆ ಸರಿದರು. ಉಳಿದವರಿಂದ ಹೊಣೆಪತ್ರಕ್ಕೆ ಸಹಿ ಹಾಕಿಸಿದೆವು.

ಬೆಳಗ್ಗೆ ಆರು ಗಂಟೆಗೆ ಕಾರುಗಳ ತಪಾಸಣೆ. ಬ್ರೇಕಿನ ಬಿಲ್ಲೆಗಳು ಸವೆದಿವೆಯೇ, ಬ್ರೇಕಿನ ದ್ರವ ಹಳತಾಗಿದೆಯೇ, ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡಬೇಕು. ದ್ರವ ಹಳತಾದರೆ ಗಾಳಿಯಲ್ಲಿನ ತೇವವನ್ನು ಹೀರಿಕೊಂಡಿರುತ್ತದೆ. ಮತ್ತೆ ಮತ್ತೆ ಬ್ರೇಕ್ ಹಾಕಿ ಕಾವೇರಿದಾಗ ಕುದಿದು ಗುಳ್ಳೆ ಕಟ್ಟುತ್ತದೆ, ಪೆಡಲು ಒತ್ತಿದರೂ ಕಾರು ನಿಲ್ಲುವುದಿಲ್ಲ. ಕಾಲಡಿಯ ಚಾಪೆಯನ್ನೂ, ಒಳಗೆ ಉರುಳಾಡುವ ನೀರಿನ ಸೀಸೆಯನ್ನೂ ತೆಗೆದಿಡಬೇಕು. ಒಬ್ಬರ ಡಿಕ್ಕಿಯಲ್ಲಿ ಊರಿನಿಂದ ತಂದ ಎರಡು ಡಜನ್ ತೆಂಗಿನಕಾಯಿಗಳು ದೊರೆತು ನಗೆಗೆ ವಿಷಯವಾಯಿತು.

ಏಳೂವರೆಗೆ ಮುಖ್ಯ ಶಿಕ್ಷಕರ ಪಾಠ. ಹೇಗೆ ಕುಳಿತುಕೊಳ್ಳಬೇಕು, ಕೈಗಳು ಚಕ್ರದ ಮೇಲೆ ಎಲ್ಲಿರಬೇಕು, ಕಣ್ಣು ಎಲ್ಲಿ ನೋಡಬೇಕು ಎಂಬುದರಿಂದ ಆರಂಭ. ನೇರವಾದ ದಾರಿಯಲ್ಲಿಯೇ ಬ್ರೇಕ್ ಹಾಕಿ ಮುಗಿಸಿ, ಆಮೇಲೆ ತಿರುವಿಗೆ ಹೊರಳಬೇಕು. ಹೊರ ಅಂಚಿನಿಂದ ಹೊಕ್ಕು, ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಬಿಟ್ಟರೆ ತಿರುವು ಸಡಿಲವಾಗುತ್ತದೆ. ತಿರುವಿನ ನಡುವೆ ಗಾಬರಿಯಿಂದ ಬ್ರೇಕ್ ತುಳಿದರೆ ಭಾರವೆಲ್ಲ ಮುಂದಕ್ಕೆ ಬಂದು, ಹಿಂದಿನ ಚಕ್ರಗಳು ಹಗುರಾಗಿ, ಕಾರಿನ ಬಾಲ ತಿರುಗುತ್ತದೆ. ಕೊನೆಯಲ್ಲಿ ಬಾವುಟಗಳ ಪಾಠ. ಹಳದಿಯೆಂದರೆ ಮುಂದೆ ಅಪಾಯ, ನಿಧಾನಿಸು, ಯಾರನ್ನೂ ಹಿಂದಿಕ್ಕಬೇಡ. ನೀಲಿಯೆಂದರೆ ಹಿಂದೆ ವೇಗದವನಿದ್ದಾನೆ. ಕೆಂಪೆಂದರೆ ಆಟ ನಿಂತಿತು, ನಿಧಾನವಾಗಿ ಹಿಂದಿರುಗು. ಈ ಪಾಠ ಕೇಳದವನಿಗೆ ಪಥದೊಳಗೆ ಪ್ರವೇಶವಿಲ್ಲ. ನಿಯಮಾವಳಿಯಲ್ಲಿ ಈ ವಾಕ್ಯವನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದವನು ನಾನು. ಮುರಿದವನೂ ನಾನೇ.

ಶಿರಿಯದಲ್ಲಿರುವ ನನ್ನ ತಂಗಿಯ ಮಗನಿಗೆ ಆಗ ಇಪ್ಪತ್ತೆರಡು ವರ್ಷ. ಮಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಮಂಗಳೂರಿನಿಂದ ಮನೆಗೆ ಅರ್ಧ ಗಂಟೆಯೊಳಗೆ ಬಂದೆನೆಂದು ಹೇಳಿಕೊಳ್ಳುತ್ತಿದ್ದ ಹುಡುಗ. "ಅಣ್ಣ, ನೀನಾದರೂ ಅವನಿಗೆ ಬುದ್ಧಿ ಹೇಳು. ಅವನು ಬರುವವರೆಗೆ ನನಗೆ ನಿದ್ದೆಯಿಲ್ಲ" ಎಂದು ತಂಗಿ ಫೋನಿನಲ್ಲಿ ಅತ್ತಿದ್ದಳು. ಹಾಗಾಗಿ ಅವನನ್ನು ಶಿಬಿರಕ್ಕೆ ಕರೆದಿದ್ದೆ. ರಾತ್ರಿಯ ರೈಲಿನಲ್ಲಿ ಬಂದವನು ಬಯಲಿಗೆ ತಲುಪಿದಾಗ ಒಂಬತ್ತೂವರೆ. ಪಾಠ ಮುಗಿದಿತ್ತು. ನಮ್ಮ ತಂಡದ ಸರದಿ ಅದಾಗಲೇ ಬಂದಿತ್ತು. "ಮಾವ, ಒಂದು ಸುತ್ತು ಮಾತ್ರ. ನೀವು ಪಕ್ಕದಲ್ಲೇ ಇರುತ್ತೀರಲ್ಲ" ಎಂದ. ಅಷ್ಟು ದೂರದಿಂದ ಬಂದವನನ್ನು ಬಿಸಿಲಿನಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಪ್ರವೇಶದ್ವಾರದಲ್ಲಿದ್ದವರು ನನ್ನ ಮುಖ ನೋಡಿದರು. ಕಾರ್ಯದರ್ಶಿಯ ಅಳಿಯನನ್ನು ತಡೆಯುವವರು ಯಾರು? ಅವನು ನನ್ನ ಕಾರಿನ ಚಕ್ರ ಹಿಡಿದ.

ಮೊದಲ ಸುತ್ತು ಚೆನ್ನಾಗಿಯೇ ಹೋಯಿತು, ಅದೇ ಕೆಟ್ಟದಾಯಿತು. ಎರಡನೆಯ ಸುತ್ತಿನಲ್ಲಿ ಅವನ ಧೈರ್ಯ ಹೆಚ್ಚಿತು. ಎಡಬದಿಯಲ್ಲಿ ಹಳದಿ ಬಾವುಟ ಬೀಸುತ್ತಿದ್ದುದನ್ನು ನಾನು ಕಂಡೆ. ಅವನೂ ಕಂಡಿದ್ದ, ಆದರೆ ಅದರ ಅರ್ಥ ಅವನಿಗೆ ತಿಳಿದಿರಲಿಲ್ಲ. ಓಟದಲ್ಲಿ ಹುರಿದುಂಬಿಸುತ್ತಿದ್ದಾರೆಂದು ಭಾವಿಸಿದನಂತೆ! ತಿರುವಿನಾಚೆ ನಮ್ಮ ಸಂಘದ ಕಾರೊಂದು ಪಥಕ್ಕೆ ಅಡ್ಡವಾಗಿ ನಿಂತಿತ್ತು. ನಾನು "ನಿಲ್ಲಿಸು!" ಎಂದು ಕೂಗಿದೆ. ಅದು ಎರಡನೆಯ ತಪ್ಪು. ಅವನು ತಿರುವಿನ ನಡುವೆಯೇ ಬ್ರೇಕನ್ನು ತುಳಿದುಬಿಟ್ಟ. ಬೆಳಗ್ಗೆ ಪಾಠದಲ್ಲಿ ಕೇಳಿದಂತೆಯೇ ಕಾರಿನ ಬಾಲ ಸುತ್ತಿತು. ನಾವು ಹಿಂದುಮುಂದಾಗಿ ಹುಲ್ಲಿನ ಮೇಲೆ ಜಾರಿ, ಆ ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತೆವು. ಅದರೊಳಗೆ ಇಬ್ಬರಿದ್ದರು. ಯಾರಿಗೂ ಏನೂ ಆಗಲಿಲ್ಲ. ಧೂಳು ಇಳಿದಾಗ ಗಾಜಿನಾಚೆ ಕಂಡುದು ಕೆಂಪು ಬಾವುಟ. ಅದನ್ನು ಎತ್ತಿ ಹಿಡಿದಿದ್ದವರ ಮುಖ ನನಗೆ ಕಾಣಿಸಲಿಲ್ಲ. ಬೆತ್ತದ ತುದಿಯ ಬಟ್ಟೆಯೇ ಕಂಡಿತು. ಮಗನಿಗಾಗಿ ಎತ್ತದ ಬೆತ್ತವನ್ನು ನಾನು ಅಳಿಯನಿಗಾಗಿ ಎತ್ತಿದ್ದೆ.

ಎಲ್ಲ ಕಾರುಗಳೂ ಹಿಂದಿರುಗಿದ ಮೇಲೆ ಮುಖ್ಯ ಶಿಕ್ಷಕರು ಗದರಲಿಲ್ಲ. "ಇವರು ಪಾಠಕ್ಕೆ ಇದ್ದರೇ?" ಎಂದಷ್ಟೇ ಕೇಳಿದರು. ಸುಳ್ಳು ಹೇಳಬಹುದಿತ್ತು, ಅಳಿಯ ನನ್ನನ್ನೇ ನೋಡುತ್ತಿದ್ದ. ನಿಯಮ ಮುರಿದವನು ನಾನೆಂದು ಸದಸ್ಯರೆಲ್ಲರ ಎದುರಿನಲ್ಲಿ ಹೇಳಿ, ಆ ದಿನ ಮತ್ತೆ ಪಥಕ್ಕೆ ಇಳಿಯುವುದಿಲ್ಲವೆಂದು ಕಾರಿನ ಕೀಲಿಯನ್ನು ಅವರ ಕೈಗೆ ಕೊಟ್ಟೆ. ಅಡ್ಡವಾಗಿ ನಿಂತಿದ್ದ ಕಾರಿನಲ್ಲಿದ್ದ ದಂಪತಿಗಳು ಊಟದ ಹೊತ್ತಿನಲ್ಲಿ ನನ್ನೊಡನೆ ಮಾತಾಡಲಿಲ್ಲ. ಅದು ನ್ಯಾಯವೇ ಆಗಿತ್ತು.

ಮಧ್ಯಾಹ್ನ ಅಳಿಯನೊಬ್ಬನಿಗಾಗಿ ಶಿಕ್ಷಕರು ಪಾಠವನ್ನು ಪುನಃ ಹೇಳಿದರು. ಆಮೇಲೆ ಅವನಿಗೆ ಸಂಘದ ಇನ್ನೊಬ್ಬರ ಕಾರಿನಲ್ಲಿ ಬ್ರೇಕಿನ ಅಭ್ಯಾಸ ಮಾತ್ರ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಬಂದು, ಗುರುತಿನ ಬಳಿ ಪೂರ್ತಿ ಬ್ರೇಕ್ ಹಾಕಿದಾಗ ಕಾರು ಎಂಟು ಮೀಟರಿನ ಆಸುಪಾಸಿನಲ್ಲಿ ನಿಂತಿತು. 80ರಲ್ಲಿ ಬಂದಾಗ ಎಷ್ಟು ಬೇಕಾದೀತು ಎಂದು ಕೇಳಿದರೆ, "ಇಮ್ಮಡಿ, ಹದಿನಾರು" ಎಂದ. ಅಲ್ಲಿ ಸಾಲಾಗಿ ಇಟ್ಟಿದ್ದ ರಬ್ಬರಿನ ಶಂಕುಗಳನ್ನೆಲ್ಲ ಉರುಳಿಸಿಕೊಂಡು ಅದು ಮೂವತ್ತು ಮೀಟರು ದಾಟಿ ನಿಂತಿತು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟು. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಓಡಿದ ದೂರ ಇದರ ಮೇಲೆ. ಸಂಖ್ಯೆಯ ವರ್ಗವನ್ನು ನಮ್ಮ ಮಾಸ್ತರು ಕರಿಹಲಗೆಯಲ್ಲಿ ಕಲಿಸಿದ್ದರು. ಅದಕ್ಕೆ ಇಂಥ ಅರ್ಥವಿದೆಯೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ಅಳಿಯ ಕಾರಿನಿಂದಿಳಿದು, ಬಿದ್ದ ಶಂಕುಗಳನ್ನು ಒಂದೊಂದಾಗಿ ತಾನೇ ಎತ್ತಿ ನಿಲ್ಲಿಸಿದ. ಅಂದು ಸಂಜೆಯವರೆಗೆ ಅವನು ಹೆಚ್ಚು ಮಾತಾಡಲಿಲ್ಲ.

ವೇಗವೇ ಪಾಪವೆಂದು ನಾನು ಹೇಳುತ್ತಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯವರೇ ಆದ ಮೂಸಾ ಶರೀಫ್ ಅವರು ರ‍್ಯಾಲಿಗಳಲ್ಲಿ ಗೌರವ್ ಗಿಲ್ ಅವರ ಸಹಚಾಲಕರಾಗಿ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿರುವುದು ನಮಗೆಲ್ಲ ಹೆಮ್ಮೆಯ ವಿಷಯ. ಸಹಚಾಲಕನ ಕೆಲಸವೇನು? ಮುಂದಿನ ತಿರುವು ಎಂಥದೆಂದು ಮೊದಲೇ ಬರೆದಿಟ್ಟುಕೊಂಡುದನ್ನು ಓದಿ ಹೇಳುವುದು. ದೇಶದ ಅತಿ ವೇಗದ ಚಾಲಕನಿಗೂ ಪಕ್ಕದಲ್ಲಿ ಕುಳಿತು ಎಚ್ಚರಿಸುವವನೊಬ್ಬ ಬೇಕು. ಅವನ ಮಾತನ್ನು ನಂಬುವ ಗುಣವೂ ಬೇಕು.

ಈಗ ತಲಪಾಡಿಯಿಂದ ಚೆಂಗಳದ ಕಡೆಗೆ ಆರು ಪಥಗಳ ಹೆದ್ದಾರಿ ಬಂದಿದೆ. ಊರಿಗೆ ಬಂದಾಗಲೆಲ್ಲ ರಾತ್ರಿ ಅದರ ಮೇಲೆ ಕಿರುಚಿಕೊಂಡು ಹೋಗುವ ವಾಹನಗಳ ಸದ್ದು ತಂಗಿಯ ಮನೆಯವರೆಗೂ ಕೇಳಿಸುತ್ತದೆ. ಅಳಿಯ ಈಗಲೂ ಕಾರು ಓಡಿಸುತ್ತಾನೆ, ಚೆನ್ನಾಗಿಯೇ ಓಡಿಸುತ್ತಾನೆ. ತಂಗಿಗೆ ನಿದ್ದೆ ಬರುತ್ತಿದೆ.

ಕಳೆದ ಬಾರಿ ಬಂದಾಗ ಆ ನನ್ನ ಸಹಪಾಠಿಯನ್ನು ಅವನ ಅಂಗಡಿಯಲ್ಲಿ ಕಂಡು ಈ ಕಥೆಯನ್ನೆಲ್ಲ ಹೇಳಿದೆ. ಊರುಗೋಲನ್ನು ಗೋಡೆಗೆ ಒರಗಿಸಿ, ಚಾ ತರಿಸಿ, ಸಾವಧಾನವಾಗಿ ಕೇಳಿದ. "ಅಲ್ಲ ಮಾರಾಯ, ನಿಲ್ಲಿಸುವುದನ್ನು ಕಲಿಯಲು ಕೊಯಮತ್ತೂರಿಗೆ ಹೋಗಬೇಕಾಯಿತೇ? ನಮ್ಮ ಮಾಸ್ತರು ದಿನಾ ಸಂಜೆ ಧರ್ಮಕ್ಕೆ ಕಲಿಸುತ್ತಿದ್ದರಲ್ಲ!" ಎಂದು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆ ಪಾಠ ಶುರುವಾದುದು ಅವನಿಗೆ ಪೆಟ್ಟಾದ ಮೇಲೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಾಸ್ತರು ಇಂದು ನಮ್ಮೊಡನಿಲ್ಲ. ನಮ್ಮ ಶಾಲೆಯಿಂದ ಈ ಐವತ್ತು ವರ್ಷಗಳಲ್ಲಿ ಹೊರಬಂದ ಮಕ್ಕಳು ಇಂದು ಎಲ್ಲೆಲ್ಲೋ ವಾಹನಗಳನ್ನು ಓಡಿಸುತ್ತಿದ್ದಾರೆ. ಅವರಲ್ಲಿ ಯಾರಾದರೂ ಈ ಪುಟವನ್ನು ಓದಿ, ಶಾಲೆಯ ಮಕ್ಕಳು ರಸ್ತೆ ಬದಿಯಲ್ಲಿ ನಿಂತಿರುವುದನ್ನು ಕಂಡಾಗ ಯಾರೂ ಬಾವುಟ ಎತ್ತದಿದ್ದರೂ ಕಾಲನ್ನು ಬ್ರೇಕಿನ ಮೇಲಿಟ್ಟರೆ, ಆ ಗುರುಗಳಿಗೆ ನಾವು ಸಲ್ಲಿಸಬೇಕಾದ ಕಾಣಿಕೆ ಸ್ವಲ್ಪವಾದರೂ ಸಂದಂತಾಗುತ್ತದೆ.