ನಡೆಯುವ ಶಾರ್ಕು, ಅಮ್ಮನ ಆಕ್ಸಿಮೀಟರು

2021ರ ಮೇ ತಿಂಗಳು. ಆಸ್ಪತ್ರೆಯೊಂದರ ಹೊರಗೆ ಕಾರಲ್ಲಿ ಕೂತು ರಾತ್ರಿ ಕಳೀತಿದ್ದೆ. ಒಳಗೆ ಅಮ್ಮ. ಸಂಜೆ ನರ್ಸ್ ಫೋನಲ್ಲಿ ಹೇಳಿದ್ದ ಸಂಖ್ಯೆ 84. ಅದನ್ನು ಬಿಟ್ಟು ಬೇರೇನೂ ತಲೇಲಿ ನಿಲ್ತಿರಲಿಲ್ಲ. ಆಕ್ಸಿಜನ್ ಇಲ್ಲದೆ ಎಷ್ಟು ಹೊತ್ತು ಬದುಕಬಹುದು ಅಂತ ಮೊಬೈಲಲ್ಲಿ ಹುಡುಕಿದೆ. ಮನುಷ್ಯನ ಮಿದುಳು ತಡೆಯೋದು ಕೆಲವೇ ನಿಮಿಷ ಅಂತ ಬಂತು. ಅದರ ಕೆಳಗೇ ಒಂದು ಶಾರ್ಕು.

ಹೆಸರು ಎಪೋಲೆಟ್ ಶಾರ್ಕ್. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಆಳವಿಲ್ಲದ ನೀರಲ್ಲಿ, ಹವಳದ ಸಂದುಗಳಲ್ಲಿ, ತಳಕ್ಕೆ ಅಂಟಿಕೊಂಡೇ ಬದುಕುವ ಜೀವಿ. ಉದ್ದ ಹೆಚ್ಚುಕಮ್ಮಿ ಒಂದು ಮೀಟರ್, ಅಷ್ಟೇ. ಎರಡೂ ಪಕ್ಕದಲ್ಲಿ ಬಿಳಿ ಅಂಚಿನ ದೊಡ್ಡ ಕಪ್ಪು ಮಚ್ಚೆ, ಸೈನಿಕರ ಭುಜಪಟ್ಟಿಯ ಥರ. ಸಿನಿಮಾ ಶಾರ್ಕಿನ ಗತ್ತೆಲ್ಲ ಇದಕ್ಕಿಲ್ಲ. ಮರಳು ಕೆದಕಿ ಹುಳು, ಏಡಿ ತಿಂದುಕೊಂಡು ತನ್ನ ಪಾಡಿಗೆ ಇರುತ್ತೆ.

ಸಮುದ್ರ ಇಳಿದಾಗ ಹವಳದ ದಿಬ್ಬದ ಮೇಲೆ ಸಣ್ಣ ಸಣ್ಣ ಹೊಂಡಗಳು ಉಳಿಯುತ್ತವೆ. ರಾತ್ರಿಯಾದರೆ ಬಿಸಿಲಿಲ್ಲ, ಪಾಚಿ ಆಕ್ಸಿಜನ್ ಕೊಡೋದಿಲ್ಲ. ಆದರೆ ಹವಳ, ಮೀನು ಎಲ್ಲವೂ ಉಸಿರಾಡ್ತಾನೇ ಇರ್ತವೆ. ಹೊಂಡದ ಆಕ್ಸಿಜನ್ ಖಾಲಿಯಾಗ್ತಾ ಬರುತ್ತೆ. ಆಗ ಈ ಶಾರ್ಕು ಗಾಬರಿಯಾಗಿ ಒದ್ದಾಡೋದಿಲ್ಲ. ಹೃದಯ ಬಡಿತ ಇಳಿಸುತ್ತೆ, ರಕ್ತದೊತ್ತಡ ಇಳಿಸುತ್ತೆ, ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸಿ ಇರೋ ರಕ್ತವನ್ನು ಅಲ್ಲಿಗೆ ಉಳಿಸಿಕೊಳ್ಳುತ್ತೆ. ಮಿದುಳಿನ ಖರ್ಚನ್ನೂ ಕಡಿಮೆ ಮಾಡುತ್ತೆ. ಒಂದು ಗಂಟೆ ಆಕ್ಸಿಜನ್ ಇಲ್ಲದಿದ್ದರೂ ಬದುಕಬಲ್ಲದು. ಅದೂ ಸಾಲದು ಅನ್ನಿಸಿದರೆ ನಾಲ್ಕು ರೆಕ್ಕೆಗಳನ್ನು ಕಾಲಿನ ಹಾಗೆ ಊರಿ, ಹವಳದ ಮೇಲೆ ತೆವಳುತ್ತಾ ಪಕ್ಕದ ಹೊಂಡಕ್ಕೆ ನಡೆದು ಹೋಗುತ್ತೆ. ಶಾರ್ಕು ನಡೆಯೋದು! ನೀರಿನಿಂದ ಹೊರಗೆ!

ಬೆಳಗಿನ ಜಾವದವರೆಗೂ ಆ ಒಂದೇ ವಿಡಿಯೋ ನೋಡ್ತಾ ಕೂತಿದ್ದೆ. ಅದರಿಂದ ಅಮ್ಮನಿಗೆ ಏನೂ ಆಗಲ್ಲ ಅಂತ ಗೊತ್ತಿತ್ತು. ಆದರೂ ಸಮುದ್ರ ಮತ್ತೆ ಏರೋವರೆಗೆ ಕಾಯೋ ಜೀವ ಒಂದಿದೆ ಅನ್ನೋದು ಆ ರಾತ್ರಿಗೆ ಸಾಕಾಗಿತ್ತು.

ಅಮ್ಮ ಹತ್ತೊಂಬತ್ತು ದಿನಕ್ಕೆ ಮನೆಗೆ ಬಂದಳು. ಹಾಸಿಗೆಯಿಂದ ಅಡುಗೆಮನೆ ತನಕ ಹನ್ನೆರಡು ಹೆಜ್ಜೆ. ಗೋಡೆ ಹಿಡಿದು, ನಡುವೆ ಎರಡು ಸಲ ನಿಂತು, ಒಂದು ವಾರ ಬೇಕಾಯ್ತು ಅಷ್ಟು ದೂರಕ್ಕೆ. ಆಗ ಶಾರ್ಕಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಕೇಳಿದಳು:

"ಪಾಪ, ರಾತ್ರಿಯೆಲ್ಲ ಒಂದೇ ಇರುತ್ತಾ ಅದು?"

ನನಗೆ ಉತ್ತರ ಹೊಳೀಲಿಲ್ಲ. ಸ್ಟೂಲ್ ಎಳೆದು ಅವಳ ಪಕ್ಕ ಕೂತೆ.