ಐನೂರು ರೂಪಾಯಿಯ ಶರತ್ಕಾಲ

ಶರತ್ಕಾಲ ಬಂತೆಂದು ನಮ್ಮ ಮನೆಗೆ ಮೊದಲು ಸುದ್ದಿ ತರುವುದು ಕರೆಂಟ್ ಬಿಲ್ಲು. ಕೂಲರ್ ಅಟ್ಟ ಸೇರಿರುತ್ತದೆ, ಫ್ಯಾನಿನ ರೆಗ್ಯುಲೇಟರ್ ಎರಡಕ್ಕೆ ಇಳಿದಿರುತ್ತದೆ, ರಗ್ಗುಗಳು ಇನ್ನೂ ಟ್ರಂಕಿನಲ್ಲೇ ಮಲಗಿರುತ್ತವೆ. ಬೇಸಿಗೆ, ಮಳೆ, ಚಳಿ ಮೂರೂ ಜೇಬಿಗೆ ಕೈ ಹಾಕುವ ಕಾಲಗಳು. ಕೈಯನ್ನು ತನ್ನಷ್ಟಕ್ಕೆ ತಾನು ಇಟ್ಟುಕೊಳ್ಳುವ ಮರ್ಯಾದಸ್ಥ ಋತು ಇದೊಂದೇ.

ನಾವಿರುವುದು ಹೈದರಾಬಾದಿನ ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲಿ. ಊರೆಲ್ಲ ಅದನ್ನು ಕೆಪಿಎಚ್‌ಬಿ ಎನ್ನುತ್ತದೆ. ಇಲ್ಲಿಯ ಮನೆಗಳ ವಿಳಾಸದಲ್ಲೇ ವರಮಾನವನ್ನೂ ಬರೆದಿಟ್ಟಿದ್ದಾರೆ. ನಮ್ಮದು ಎಲ್‌ಐಜಿ, ಅಂದರೆ ಕಡಿಮೆ ವರಮಾನದವರ ಮನೆ. ಬೋರ್ಡಿನವರು ದಶಕಗಳ ಹಿಂದೆ ಕಟ್ಟಿದಾಗ ಇಟ್ಟ ಹೆಸರು. ಈಗ ಅದನ್ನು ಕೊಳ್ಳುವ ಶಕ್ತಿ ಕಡಿಮೆ ವರಮಾನದ ಯಾರಿಗೂ ಇಲ್ಲ. ಬಾಡಿಗೆಗಿರುವ ನಾವು ಮಾತ್ರ ಆ ಹೆಸರಿಗೆ ನಿಷ್ಠರಾಗಿ ಉಳಿದಿದ್ದೇವೆ.

2025ರ ದಸರಾ ರಜೆ ತೆಲಂಗಾಣದ ಶಾಲೆಗಳಿಗೆ ಸೆಪ್ಟೆಂಬರ್ 21ರಿಂದಲೇ ಶುರುವಾಯಿತು. ತಿಂಗಳ ಮೂರನೆಯ ವಾರ, ಗಣಪತಿ ಚಂದಾ ಕೊಟ್ಟು ಬರಿದಾದ ಜೇಬು, ಮನೆಯಲ್ಲಿ ಎರಡು ಮಕ್ಕಳು. ಮುಖ್ಯರಸ್ತೆಯ ಮಾಲೊಂದರ ಗಾಜಿಗೆ ಕಾಗದದ ಕೆಂಪು ಎಲೆಗಳನ್ನು ಅಂಟಿಸಿ 'ಆಟಮ್ ಸೇಲ್' ಎಂದು ಬರೆದಿದ್ದರು. ಮಗ ಆ ಎಲೆ ಯಾವ ಗಿಡದ್ದೆಂದು ಕೇಳಿದ. ದಖ್ಖನ್ನಿನಲ್ಲಿ ಹುಟ್ಟಿ ಬೆಳೆದ ನಾನು ಅಂಥ ಗಿಡ ಕಂಡವನಲ್ಲ. "ಅದು ಡಾಲರಿನ ಗಿಡ" ಎಂದು ಹೇಳಿ ಮುಂದೆ ನಡೆಸಿದೆ.

ಅಂದು ರಾತ್ರಿ ಹೆಂಡತಿ ಕ್ಯಾಲೆಂಡರಿನ ಹಿಂದಿನಿಂದ ಐನೂರರ ಒಂದು ನೋಟು ತೆಗೆದು ತೋರಿಸಿ, ಮತ್ತೆ ಅಲ್ಲೇ ಸಿಕ್ಕಿಸಿದಳು. ಅವಳು ಬೀದರ ಕಡೆಯವಳು. ಇಪ್ಪತ್ತು ವರ್ಷದ ಹೈದರಾಬಾದು ಅವಳ ಮಾತಿನ ಒಂದಕ್ಷರವನ್ನೂ ಕದಲಿಸಿಲ್ಲ. "ಪಗಾರ ಬರ್ಲಿಕ್ಕ ಇನ್ನ ಹತ್ತು ದಿನ ಅವ. ಇದು ಹಬ್ಬದ್ದು. ಇದರಾಗೇ ಎಲ್ಲಾ ಆಗಬೇಕು ನೋಡ್ರಿ" ಎಂದಳು. ಬಜೆಟ್ ಮಂಡನೆ ಮುಗಿಯಿತು, ಚರ್ಚೆಗೆ ಅವಕಾಶವಿರಲಿಲ್ಲ.

ಮೊದಲ ಖರ್ಚು ಸೀತಾಫಲ. ಬುಟ್ಟಿಯವಳು "ಬಾಲಾನಗರ್ ಸೀತಾಫಲ" ಎಂದು ಕೂಗುತ್ತಿದ್ದಳು. ಮಗಳಿಗೆ ಆಶ್ಚರ್ಯ. ಬಾಲಾನಗರವೆಂದರೆ ಮೆಟ್ರೋದಲ್ಲಿ ಕೂಕಟ್‌ಪಲ್ಲಿ ದಾಟಿದರೆ ಮುಂದಿನ ನಿಲ್ದಾಣ. ಲೇತ್ ಮಷೀನು, ಕಬ್ಬಿಣದ ಪುಡಿ, ಕಾರ್ಖಾನೆಯ ಸೈರನ್ನು. ಅಲ್ಲಿ ಹಣ್ಣು ಬೆಳೆಯುವುದೆಲ್ಲಿ? ಈ ಹಣ್ಣಿನ ಬಾಲಾನಗರ ಬೇರೆ. ಅದಿರುವುದು ಮಹಬೂಬ್‌ನಗರ ಜಿಲ್ಲೆಯಲ್ಲಿ, ಬೆಂಗಳೂರು ಹೆದ್ದಾರಿಯ ಮೇಲೆ. ದೇಶದ ತೋಟಗಾರಿಕೆ ಪುಸ್ತಕಗಳಲ್ಲೆಲ್ಲ ಈ ತಳಿಗೆ ಆ ಊರಿನದೇ ಹೆಸರು. 120 ರೂಪಾಯಿಗೆ ಒಂದು ಬುಟ್ಟಿ ಕಾಯಿ ಬಂತು. ಅವನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟೆವು. ಮಕ್ಕಳಿಗೆ ಇದಕ್ಕಿಂತ ಅಗ್ಗದ ಆಟ ನಾನು ಕಂಡಿಲ್ಲ. ಬೆಳಗ್ಗೆ ಎದ್ದೊಡನೆ ಡಬ್ಬಿಯೊಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಯಾವುದು ಮೆತ್ತಗಾಗಿದೆ ಎಂದು ಮುಟ್ಟಿ ಮುಟ್ಟಿ ನೋಡುವುದು. ಅವರು ಒತ್ತಿದ ಭರಕ್ಕೇ ಅರ್ಧ ಹಣ್ಣಾದವು. ಐದು ದಿನ ಮನೆಯಲ್ಲಿ ಟೀವಿಯ ಸದ್ದು ಕಡಿಮೆಯಾಗಿತ್ತು.

ಎರಡನೆಯದು ಹೂವು. ಮಹಾಲಯ ಅಮಾವಾಸ್ಯೆಯಿಂದ ತೆಲಂಗಾಣದಲ್ಲಿ ಬತುಕಮ್ಮ ಹಬ್ಬ. ಮೊದಲ ದಿನದ್ದು ಎಂಗಿಲಿ ಪೂಲ, ಕೊನೆಯದ್ದು ಸದ್ದುಲ, ಒಟ್ಟು ಒಂಬತ್ತು ದಿನ. ತಟ್ಟೆಯ ಮೇಲೆ ಎಲೆ ಹಾಸಿ, ಸುತ್ತು ಸುತ್ತಾಗಿ ಹೂ ಜೋಡಿಸಿ ಗೋಪುರ ಕಟ್ಟುತ್ತಾರೆ. ಇದರ ಯಜಮಾನಿಕೆ ಗುಲಾಬಿ, ಮಲ್ಲಿಗೆಯದಲ್ಲ. ಬಯಲಿನ ತಂಗಡಿ ಮತ್ತು ಗುನುಗು ಇಲ್ಲದೆ ಬತುಕಮ್ಮ ಏಳುವುದಿಲ್ಲ. ತಂಗಡಿಯನ್ನು ರಾಜ್ಯ ಹೂವೆಂದು ಮೆರೆಸಿದ್ದಾರೆ. ಗುನುಗೆಂದರೆ ನಮ್ಮ ಅಣ್ಣೆ ಹೂ. ನನ್ನ ಅವ್ವ ಹೊಲದಲ್ಲಿ ಕಳೆಯೆಂದು ಬೈದು ಕಿತ್ತೆಸೆಯುತ್ತಿದ್ದದ್ದನ್ನು ಇಲ್ಲಿ ರೈತು ಬಜಾರಿನ ಹೊರಗೆ ಹಳ್ಳಿಯ ಹೆಂಗಸರು ಕಟ್ಟು ಕಟ್ಟಿ ಮಾರುತ್ತಾರೆ. ಕಳೆಗೆ ದುಡ್ಡು ಕೊಡುವಾಗ ಅವ್ವ ಎಲ್ಲೋ ನಿಂತು ನೋಡಿದಂತಾಯಿತು. ಗುನುಗಿಗೆ 30, ಚೆಂಡುಹೂವಿಗೆ 60. ತಂಗಡಿಯನ್ನು ಮಾತ್ರ ಮಕ್ಕಳು ಖಾಲಿ ಸೈಟೊಂದರ ಬೇಲಿಯ ಪಕ್ಕದಿಂದ ಪುಕ್ಕಟೆಯಾಗಿ ತಂದರು.

ಸದ್ದುಲ ಬತುಕಮ್ಮನ ಸಂಜೆ ತಟ್ಟೆ ಹೊತ್ತು ರಂಗಧಾಮುನಿ ಚೆರುವಿಗೆ ಹೋದೆವು. ಆಟೋದವರಿಗೆ ಆ ಹೆಸರು ಹೇಳಿದರೆ ಅನುಮಾನ, ಐಡಿಎಲ್ ಕೆರೆ ಎಂದರೆ ಸರಿ. ಐಡಿಎಲ್ ಎಂದರೆ ಇಂಡಿಯನ್ ಡಿಟೋನೇಟರ್ಸ್ ಲಿಮಿಟೆಡ್, ಬಂಡೆ ಸಿಡಿಸುವ ಮದ್ದು ತಯಾರಿಸುತ್ತಿದ್ದ ಕಂಪನಿ. ಆ ಹೆಸರಿನ ನೀರಿನಲ್ಲಿ ಅಂದು ನೂರಾರು ಹೂಗೋಪುರಗಳು ತೇಲಿದವು. ಹೆಂಗಸರು ಸುತ್ತುಗಟ್ಟಿ, ಬಾಗಿ ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಹೆಂಡತಿ ಸ್ವಲ್ಪ ಹೊತ್ತು ನೋಡಿ, "ನಮ್ಮ ಬುಲಾಯಿ ಪದ ಇದ್ದಂಗೇ ಅದ" ಎಂದು ಸೆರಗು ಸಿಕ್ಕಿಸಿ ಒಳಗೆ ಸೇರಿಕೊಂಡಳು. ತೆಲುಗಿನ ಸಾಲು ಬಾರದ ಕಡೆ ತುಟಿ ಆಡಿಸಿದಳು. ಚಪ್ಪಾಳೆ ಮಾತ್ರ ಎಲ್ಲೂ ತಪ್ಪಲಿಲ್ಲ. ಕಾಯುತ್ತ ನಿಂತ ನಮಗೆ ಮೂವರಿಗೂ ಮಿರ್ಚಿ ಬಜ್ಜಿ, 60 ರೂಪಾಯಿ. ಸುಟ್ಟ ಮೆಕ್ಕೆಜೋಳದ ತೆನೆ ಎರಡು, ಅದೂ 60.

ಬಸ್ಸಿನ ಖರ್ಚು ಕೇಳುತ್ತೀರೇನೋ. 2023ರ ಡಿಸೆಂಬರ್ 9ರಿಂದ ಈ ರಾಜ್ಯದಲ್ಲಿ ಹೆಂಗಸರಿಗೆ ಜೀರೋ ಟಿಕೆಟ್. ಆಧಾರ್ ತೋರಿಸಿದರೆ ಸೊನ್ನೆ ಬರೆದ ಚೀಟಿ ಹರಿದು ಕೊಡುತ್ತಾರೆ. ಹೀಗಾಗಿ ಹೆಂಡತಿ, ಮಗಳು ಪಟಾನ್‌ಚೆರುವಿನ ತಂಗಿಯ ಮನೆಗೆ ಎರಡು ಸಲ ಹೋಗಿ ಬಂದರು. ನಾನೂ ಮಗನೂ ದುಡ್ಡು ಕೊಡುವ ಕುಲದವರು, ಮನೆಯಲ್ಲೇ ಉಳಿದು ಅನ್ನಕ್ಕಿಟ್ಟೆವು. ಬೀದರಿಗೇ ಹೋಗಿಬರೋಣವೆಂದರೆ ಸರಹದ್ದು ದಾಟಿದ ಮೇಲೆ ತೆಲಂಗಾಣದ ಸೊನ್ನೆ ನಡೆಯುವುದಿಲ್ಲ. ಕರ್ನಾಟಕದ ಶಕ್ತಿ ಯೋಜನೆ ಕರ್ನಾಟಕದ ಹೆಂಗಸರಿಗೆ. ಅಲ್ಲಿ ನನ್ನ ಹೆಂಡತಿ, ತವರಿನ ನೆಲದ ಮೇಲೆ, ಪೂರಾ ಟಿಕೆಟ್ಟಿನ ಪ್ರಯಾಣಿಕಳು. ಅದೇ ವಾರ ಮೂಸಿ ನದಿ ಉಕ್ಕಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೇ ನೀರು ನುಗ್ಗಿತು. ಹೋಗದಿರಲು ನಮಗೆ ಗೌರವದ ಕಾರಣವೊಂದು ಸಿಕ್ಕಿತು.

ಅಕ್ಟೋಬರ್ 2, ದಸರಾ. ಗಾಂಧಿ ಜಯಂತಿಯೂ ಅಂದೇ ಬಂದು ಮಟನ್ ಅಂಗಡಿಗಳು ಬಾಗಿಲು ಹಾಕಿದ್ದವು. ತೆಲಂಗಾಣದ ದಸರಾ ಎಂದರೆ ಮಟನ್ನು. ಓಣಿಯಲ್ಲಿ ಸೂತಕದ ಮೌನ. ನನ್ನ ಲೆಕ್ಕಕ್ಕೆ ಮಾತ್ರ ಗಾಂಧೀಜಿ ನೆರವಾದರು. ಬೆಳಗ್ಗೆಯೇ ಒಬ್ಬ ಪಂಜರ ಹಿಡಿದು ಬಂದ. ಒಳಗೆ ಪಾಲಪಿಟ್ಟ, ಅಂದರೆ ನೀಲಕಂಠ. ದಸರೆಯ ದಿನ ಅದನ್ನು ಕಂಡರೆ ಶುಭವಂತೆ. ದರ್ಶನಕ್ಕೆ ಹತ್ತು ರೂಪಾಯಿ. ಮಗಳು ಜಿಕೆ ಪುಸ್ತಕ ನೆನೆದು, ಅದು ಈ ರಾಜ್ಯದ ಪಕ್ಷಿ, ಕರ್ನಾಟಕದ್ದೂ ಅದೇ ಎಂದಳು. ಎರಡು ರಾಜ್ಯಗಳ ಗೌರವ ಹೊತ್ತ ಹಕ್ಕಿ ಒಂದು ಮೊಳದ ಪಂಜರದಲ್ಲಿ ರೆಕ್ಕೆ ಬಿಚ್ಚಲಾಗದೆ ಕೂತಿತ್ತು. ಅದನ್ನು ಹಿಡಿದಿಡುವುದು ಕಾನೂನಿಗೂ ವಿರುದ್ಧ. "ಹತ್ತು ರೂಪಾಯಿ? ನಮ್ಮ ಹೊಲದಾಗ ಕರೆಂಟಿನ ತಂತಿ ಮ್ಯಾಲ ಪುಕ್ಕಟೆ ಕುಂದುರ್ತದ" ಎಂದು ಹೆಂಡತಿ ಅವನಿಗೆ ಬೈದು ಕಳಿಸಿದಳು. ಶುಭ ನಮಗೆ ಆ ಹತ್ತು ರೂಪಾಯಿಯ ರೂಪದಲ್ಲೇ ಉಳಿಯಿತು.

ಸಂಜೆ 20 ರೂಪಾಯಿಗೆ ಬನ್ನಿಯ ಟೊಂಗೆ ಕೊಂಡೆವು. ಇಲ್ಲಿ ಅದು ಜಮ್ಮಿ, ಎಲೆಗೆ ಬಂಗಾರವೆಂದೇ ಹೆಸರು, ನಮ್ಮ ಕಡೆಯ ಹಾಗೇ. ಹತ್ತು ಗ್ರಾಂ ಚಿನ್ನ ಲಕ್ಷ ದಾಟಿದ ವರ್ಷದಲ್ಲಿ ಓಣಿಯ ಹದಿನಾಲ್ಕು ಮನೆಗೆ ಬಂಗಾರ ಹಂಚಿ, ಅಲಯ್ ಬಲಯ್ ಎಂದು ಅಪ್ಪಿಕೊಂಡು ಬಂದೆವು. ಹೋದಲ್ಲೆಲ್ಲ ಮಕ್ಕಳ ಕೈಗೆ ಸಕಿನಾಲು ಎಂಬ ಕುರುಕಲು ತಿಂಡಿ ಬಿದ್ದವು. ಲಾಭದ ವ್ಯಾಪಾರ.

ಕೊನೆಯದು ಸೀಗಿ ಹುಣ್ಣಿಮೆ. ಊರಲ್ಲಾದರೆ ಹೊಲಕ್ಕೆ ಚರಗ ಚೆಲ್ಲಬೇಕು. ಇಲ್ಲಿ ಹೊಲವೆಂದರೆ ಮಾಳಿಗೆಯ ಮೇಲಿನ ನಾಲ್ಕು ಕುಂಡ. ಪುಂಡಿಸೊಪ್ಪು 20, ಬದನೆಕಾಯಿ 40, ಶೇಂಗಾ 60. ಜೋಳ ಮನೆಯಲ್ಲೇ ಇತ್ತು, ಸೀತಾಫಲದ ಪರಿಮಳವೂ ಅದಕ್ಕೆ ಹತ್ತಿತ್ತು. ಕರಿಬೇವಿನ ಕುಂಡದ ಸುತ್ತ ಚರಗ ಚೆಲ್ಲಿ, ಮಾಳಿಗೆಯ ಮೇಲೆ ಚಾಪೆ ಹಾಸಿ ಉಂಡೆವು. ಪಕ್ಕದ ಹಾಸ್ಟೆಲಿನ ಹುಡುಗನೊಬ್ಬ ಫೋನಿನಲ್ಲಿ ಮಾತಾಡುತ್ತ ಅವರ ಮಾಳಿಗೆಯ ಮೇಲೆ ಅಡ್ಡಾಡುತ್ತಿದ್ದ. ಕಲಬುರಗಿ ಕನ್ನಡ ಕಿವಿಗೆ ಬಿತ್ತು. ಹೆಂಡತಿ ಗೋಡೆಯಾಚೆಗೆ ರೊಟ್ಟಿ ಚಾಚಿ, "ತಗೊ ತಮ್ಮಾ" ಎಂದಳು. ಅವನು ಫೋನಿಗೆ "ಆಮ್ಯಾಲ ಮಾಡ್ತೀನವ್ವಾ" ಎಂದು ಇಟ್ಟುಬಿಟ್ಟ.

ಮರುದಿನ ಲೆಕ್ಕ ಕೂಡಿಸಿದೆವು. 470 ಖರ್ಚು, 30 ಉಳಿಕೆ. ಅದಕ್ಕೆ ದೀಪಾವಳಿಗೆ ಆರು ಹಣತೆ ಬಂದವು. ಎಣ್ಣೆ ಮಾತ್ರ ಹೊಸ ಪಗಾರದ್ದು.