ಅಂಗಡಿಯನ್ನರಿತ ಹಿರಿಯ

ಹಿಂದೆ ನಮ್ಮ ಪೇಟೆಗಳಲ್ಲಿ ತಂದೆಯ ತರುವಾಯ ಮಗನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವುದು ರೂಢಿಯಾಗಿತ್ತು. ಆದರೆ ಕಸ ಗುಡಿಸಿ, ತಕ್ಕಡಿ ಹಿಡಿದು, ಉದ್ರಿ ಲೆಕ್ಕ ಬರೆದು, ಗಿರಾಕಿಯ ಮನಸ್ಸನ್ನು ಅರಿತ ಮೇಲೆಯೇ ಅವನಿಗೆ ಆ ಸ್ಥಾನ ದೊರೆಯುತ್ತಿತ್ತು. ಇಂದು ನೂರಾರು ಮಳಿಗೆಗಳುಳ್ಳ ಕಂಪನಿಗಳು ತಮ್ಮ ಮುಖ್ಯಸ್ಥರನ್ನು ಹುಡುಕುವ ಕೆಲಸವನ್ನು ಅದಕ್ಕೆಂದೇ ಇರುವ ಸಂಸ್ಥೆಗಳಿಗೆ ಒಪ್ಪಿಸುವುದುಂಟು. ಆ ಸಂಸ್ಥೆಗಳು ಬೇರೆಡೆ ದುಡಿಯುತ್ತಿರುವ ಸಮರ್ಥರನ್ನು ಗುಟ್ಟಾಗಿ ವಿಚಾರಿಸಿ, ಕೆಲವು ಹೆಸರುಗಳನ್ನು ನಿರ್ದೇಶಕ ಮಂಡಳಿಯ ಮುಂದಿಡುತ್ತವೆ. ನೇಮಕಗೊಂಡವರ ಮೊದಲ ವರ್ಷದ ಸಂಬಳದ ಸುಮಾರು ಮೂರನೆಯ ಒಂದು ಪಾಲು ಅವುಗಳ ಶುಲ್ಕವೆಂಬುದು ಆ ವ್ಯವಹಾರದ ವಾಡಿಕೆ.

ದೊಡ್ಡ ಮಳಿಗೆಯೊಂದರಲ್ಲಿ ಹನ್ನೆರಡು ವರ್ಷ ದುಡಿದ ನಮ್ಮ ಶಿಷ್ಯನೊಬ್ಬನು, ಹೊರಗಿನವರೊಬ್ಬರು ತನ್ನ ಮೇಲಧಿಕಾರಿಯಾಗಿ ಬಂದುದಕ್ಕೆ ನೊಂದು, “ಕೆಳಗಿನಿಂದ ಕಲಿತದ್ದಕ್ಕೆ ಬೆಲೆಯೇ ಇಲ್ಲವೇ, ಗುರುಗಳೇ?” ಎಂದು ಕೇಳಿದನು. ನಾವು ವ್ಯಾಪಾರಿಗಳಲ್ಲ. ಆದರೂ ಅಮೆರಿಕದ ಮೂವರ ವೃತ್ತಾಂತವನ್ನು ಓದಿ ತಿಳಿದು, ನಮಗೆ ತೋರಿದ್ದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲನೆಯವರು ರಾನ್ ಜಾನ್ಸನ್. ಆಪಲ್ ಕಂಪನಿಯ ಮಳಿಗೆಗಳನ್ನು ಕಟ್ಟಿ ಹೆಸರಾದ ಅವರನ್ನು, 1902ರಲ್ಲಿ ಆರಂಭವಾದ ಜೆ.ಸಿ. ಪೆನ್ನಿ ಬಟ್ಟೆಬರೆಯ ಮಳಿಗೆಗಳ ಕಂಪನಿಯು 2011ರಲ್ಲಿ ಕರೆತಂದಿತು. ಅವರು ರಿಯಾಯಿತಿ ಮಾರಾಟವನ್ನೂ ಕೂಪನ್ನುಗಳನ್ನೂ ಬಹುಮಟ್ಟಿಗೆ ನಿಲ್ಲಿಸಿ, ಕೆಲವೆಡೆ ಪರೀಕ್ಷಿಸಿಯೂ ನೋಡದೆ, 2012ರಲ್ಲಿ ಎಲ್ಲ ಮಳಿಗೆಗಳಲ್ಲಿಯೂ ಹೊಸ ಬೆಲೆಯ ಪದ್ಧತಿಯನ್ನು ತಂದರು. ರಿಯಾಯಿತಿಯನ್ನು ಅರಸಿ ಬರುವುದೇ ಅಲ್ಲಿಯ ಗಿರಾಕಿಗಳ ಸಂತೋಷವಾಗಿತ್ತೆಂಬುದು ಅವರಿಗೆ ಹೊಳೆಯಲಿಲ್ಲ. ಒಂದೇ ವರ್ಷದಲ್ಲಿ ಮಾರಾಟವು ಕಾಲುಭಾಗದಷ್ಟು ಕುಸಿಯಿತು. 2013ರ ಏಪ್ರಿಲ್‌ನಲ್ಲಿ ಅವರು ಹೊರನಡೆಯಬೇಕಾಯಿತು.

ಎರಡನೆಯವರು ಫ್ರಾನ್ಸ್ ಮೂಲದ ಹ್ಯೂಬರ್ಟ್ ಜೋಲಿ. ಹೋಟೆಲು ಮತ್ತು ಪ್ರವಾಸದ ಕಂಪನಿಯೊಂದರ ಮುಖ್ಯಸ್ಥರಾಗಿದ್ದ ಅವರು 2012ರಲ್ಲಿ ಬೆಸ್ಟ್ ಬೈ ಎಂಬ ವಿದ್ಯುನ್ಮಾನ ಸರಕಿನ ಕಂಪನಿಗೆ ಬಂದರು. ಜನರು ಆ ಮಳಿಗೆಗಳಲ್ಲಿ ಸರಕನ್ನು ನೋಡಿ ಅಂತರ್ಜಾಲದಲ್ಲಿ ಕಡಿಮೆ ಬೆಲೆಗೆ ಕೊಳ್ಳುತ್ತಿದ್ದ ಕಾಲವದು. ಜೋಲಿಯವರಿಗೆ ಚಿಲ್ಲರೆ ವ್ಯಾಪಾರದ ಅನುಭವವಿರಲಿಲ್ಲ. ಆದರೆ ಅವರು ಮೊದಲ ದಿನಗಳನ್ನು ಮಿನ್ನೆಸೋಟ ರಾಜ್ಯದ ಮಳಿಗೆಯೊಂದರಲ್ಲಿ, ನೌಕರರ ನೀಲಿ ಅಂಗಿಯನ್ನೇ ತೊಟ್ಟು, ತರಬೇತಿಯಲ್ಲಿರುವ ಮುಖ್ಯಾಧಿಕಾರಿಯೆಂಬ ಬಿಲ್ಲೆಯನ್ನು ಧರಿಸಿ ಕಳೆದರು. ಮಾರುವವರ ಮಾತನ್ನು ಆಲಿಸಿದರು. ನೌಕರರಿಗೆ ಕಡಿತಗೊಂಡಿದ್ದ ಖರೀದಿಯ ರಿಯಾಯಿತಿಯನ್ನು ಮರಳಿ ಕೊಟ್ಟರು. ಅಂತರ್ಜಾಲದ ಬೆಲೆಗೆ ಸರಿಸಮನಾಗಿ ಮಾರುವ ಏರ್ಪಾಡು ಮಾಡಿದರು. ಅವರು 2019ರಲ್ಲಿ ಆ ಹುದ್ದೆಯಿಂದ ಇಳಿಯುವ ವೇಳೆಗೆ ಕಂಪನಿ ಚೇತರಿಸಿಕೊಂಡಿತ್ತು.

ಮೂರನೆಯವರು ಡಗ್ ಮೆಕ್‌ಮಿಲನ್. 1984ರ ಬೇಸಿಗೆಯಲ್ಲಿ ವಾಲ್‌ಮಾರ್ಟ್‌ನ ಉಗ್ರಾಣದಲ್ಲಿ ಲಾರಿಗಳಿಂದ ಸರಕಿಳಿಸಿದ ಆ ತರುಣ, 2014ರಲ್ಲಿ ಅದೇ ಕಂಪನಿಯ ಮುಖ್ಯ ಕಾರ್ಯನಿರ್ವಾಹಕರಾದರು. ದುಡಿಮೆಯ ನಡುವೆ ಅವರು ವ್ಯವಹಾರಶಾಸ್ತ್ರದ ಸ್ನಾತಕೋತ್ತರ ಪದವಿಯನ್ನೂ ಪಡೆದಿದ್ದರೆಂಬುದು ಗಮನಾರ್ಹ.

ಈ ಮೂವರನ್ನು ಒಟ್ಟಿಗೆ ನೋಡಿದಾಗ, ಒಳಗಿನವನೋ ಹೊರಗಿನವನೋ ಎಂಬ ವಾದ ನಮಗೆ ಗೌಣವಾಗಿ ಕಾಣುತ್ತದೆ. ಜಾನ್ಸನ್ನರಿಗೆ ಪ್ರತಿಭೆಯ ಕೊರತೆಯಿರಲಿಲ್ಲ; ಒಂದು ಅಂಗಡಿಯ ಅರಿವನ್ನು ಮತ್ತೊಂದರ ಮೇಲೆ ಹೇರಿದ್ದೇ ಅವರಿಗೆ ಮುಳುವಾಯಿತು. ಜೋಲಿಯವರು ಮಾತ್ರ ತಮಗೆ ತಿಳಿಯದ್ದನ್ನು ತಿಳಿದವರಿಂದಲೇ ಕಲಿತರು. ನಾವು ಬಾಲ್ಯದಲ್ಲಿದ್ದ ಮಠದಲ್ಲಿಯೂ ಪಂಕ್ತಿಯಲ್ಲಿ ಬಡಿಸಿ ಅನುಭವವಿಲ್ಲದವರಿಗೆ ಉಗ್ರಾಣದ ಬೀಗದ ಕೈ ಸಿಗುತ್ತಿರಲಿಲ್ಲ. ಎಷ್ಟು ಎಲೆಗೆ ಎಷ್ಟು ಅಕ್ಕಿ ಬೇಕೆಂಬುದು ಬಡಿಸಿದವರಿಗೆ ಗೊತ್ತು.

ಆದುದರಿಂದ ನಾವು ಶಿಷ್ಯನಿಗೆ ಹೇಳಿದ್ದಿಷ್ಟು: ಕೆಳಗಿನಿಂದ ದುಡಿದವರೆಲ್ಲರೂ ಮೇಲೇರುವರೆಂಬ ಭರವಸೆಯನ್ನು ನಾವು ಕೊಡಲಾರೆವು. ಮೆಕ್‌ಮಿಲನ್ನರಂಥವರು ವಿರಳ. ಆದರೆ ನಿನ್ನ ಹನ್ನೆರಡು ವರ್ಷದ ಅರಿವು ಬಂದ ಹಿರಿಯರಿಗೆ ಬೇಕಾದದ್ದು. ಅದನ್ನು ಮುಚ್ಚಿಡದೆ ಹೇಳು. ಅದರೊಡನೆ ಲೆಕ್ಕಪತ್ರವನ್ನೂ ಆಡಳಿತವನ್ನೂ ಅಭ್ಯಾಸಮಾಡು. ಇಲ್ಲಿ ಬೆಲೆ ಸಿಗದಿದ್ದರೆ ಇನ್ನೊಂದೆಡೆ ಸಿಕ್ಕೀತು.

ಪದವಿ ಪಡೆದ ಮಗನೋ ಮಗಳೋ ಮಳಿಗೆಯಲ್ಲಿ ಬಟ್ಟೆ ಮಡಚಿಡುವರೆಂದು ನೆಂಟರೆದುರು ಹೇಳಲು ನಾಚುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ನಾಚಬೇಕಾದ್ದೇನೂ ಇಲ್ಲ. ಮಕ್ಕಳು ಸಂಜೆ ಮನೆಗೆ ಬಂದಾಗ, ಈ ದಿನ ಗಿರಾಕಿಗಳು ಏನು ಕೇಳಿದರು, ಏಕೆ ಕೊಳ್ಳದೆ ಹೋದರು ಎಂದು ವಿಚಾರಿಸಿರಿ. ಮುಂದೆ ಹಿರಿಯ ಹುದ್ದೆಗೆ ಕರೆ ಬಂದರೆ, ಅವರಿಗೆ ನೆರವಾಗುವುದು ಆ ಉತ್ತರಗಳೇ.